ಕಲಿಸುವುದು ಯಾರಿಗೆ, ಯಾವ ಹೊಲಕ್ಕೆ?

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಹೊರಟರೆ ಕರ್ನಾಟಕದ ಕೃಷಿ ಶಿಕ್ಷಣದ ಅರ್ಧ ಚರಿತ್ರೆ ರಸ್ತೆಯ ಆಚೀಚೆಯೇ ಸಿಗುತ್ತದೆ. ಮೊದಲು ಹೆಬ್ಬಾಳದ ಹಳೆಯ ಕೃಷಿ ಕಾಲೇಜಿನ ಆವರಣ, ಪಶುವೈದ್ಯಕೀಯ ಕಾಲೇಜು. ಆಮೇಲೆ ಸಾವಿರ ಎಕರೆಗೂ ಹೆಚ್ಚು ಹರಡಿಕೊಂಡಿರುವ ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ಎಲ್ಲರ ಬಾಯಲ್ಲಿ ಜಿಕೆವಿಕೆ. ಯಲಹಂಕದಿಂದ ಪಶ್ಚಿಮಕ್ಕೆ ಹೊರಳಿದರೆ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮತ್ತು ಕೋಳಿ ಸಾಕಣೆ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ. ನೆಲಮಂಗಲದ ಬಳಿ ಅರಿಶಿನಕುಂಟೆಯಲ್ಲಿ ರುಡ್‌ಸೆಟ್ ಸಂಸ್ಥೆ. ಅಣಬೆ, ಜೇನು, ಹೈನು, ಕಸಿ, ರಾಗಿ ಬಿಸ್ಕತ್ತು, ಟ್ರ್ಯಾಕ್ಟರ್ ರಿಪೇರಿ, ಹೊಲಿಗೆ ಹೀಗೆ ರೈತ ಕುಟುಂಬಕ್ಕೆ ಸರ್ಕಾರದ ದುಡ್ಡಿನಲ್ಲಿ ಕಲಿಸಬಹುದಾದದ್ದೆಲ್ಲ ಈ ವಲಯದಲ್ಲಿ ಒಂದಲ್ಲ ಒಂದು ಕಡೆ ಕಲಿಸಲಾಗಿದೆ.

ಅದೇ ರಸ್ತೆ 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತಲುಪಿತು. ಅದೇ ವರ್ಷ ಯಲಹಂಕದ ಸುತ್ತಿನ 17 ಹಳ್ಳಿಗಳ ಜಮೀನು ಡಾ. ಶಿವರಾಮ ಕಾರಂತ ಬಡಾವಣೆಗೆಂದು ಅಧಿಸೂಚನೆಯಾಯಿತು. ಕಲಿಸುವ ಸಂಸ್ಥೆಗಳು ಇಷ್ಟು ಒತ್ತೊತ್ತಾಗಿರುವ, ಕಲಿತದ್ದನ್ನು ಮಾಡಿ ನೋಡುವ ಜಮೀನು ಇಷ್ಟು ಬೇಗ ಕರಗುತ್ತಿರುವ ಜಾಗ ಅಪರೂಪ. ಹಾಗಾಗಿ ದೇಶದೆಲ್ಲೆಡೆ ನಡೆಯುವ ಒಂದು ಚರ್ಚೆ ಇಲ್ಲಿ ಹೆಚ್ಚು ಖಾರವಾಗಿ ಕೇಳಿಸುತ್ತದೆ. ರೈತ ಕುಟುಂಬಗಳಿಗೆ ಸರ್ಕಾರ ಕೌಶಲ್ಯ ತರಬೇತಿ ಕೊಡುವುದು ಅವರು ಬೇಸಾಯದಲ್ಲಿ ಉಳಿಯಲೆಂದೋ, ಬೇಸಾಯ ಬಿಟ್ಟು ಹೊರಬರಲೆಂದೋ? ಕುಟುಂಬದಲ್ಲಿ ಯಾರಿಗೆ ಕಲಿಸಬೇಕು? ಕಲಿಸಿದ ಮಾರನೆಯ ದಿನ ಸರ್ಕಾರದ ಹೊಣೆ ಮುಗಿಯಿತೇ? ನೂರು ವರ್ಷಕ್ಕೂ ಹಳೆಯ ಈ ಪ್ರಶ್ನೆಗಳಿಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರಗಳು ಬಂದಿವೆ. ಯಾವುದೂ ಪೂರ್ತಿ ಸುಳ್ಳಲ್ಲ, ಯಾವುದೂ ಸಾಲದು.

ಪ್ರಾಯೋಗಿಕ ತೋಟದಿಂದ ಪ್ರಮಾಣಪತ್ರದವರೆಗೆ

1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಕೊಟ್ಟ 30 ಎಕರೆಯಲ್ಲಿ ಹೆಬ್ಬಾಳದ ಪ್ರಾಯೋಗಿಕ ತೋಟ ಶುರುವಾಯಿತು. ಅದನ್ನು ಕಟ್ಟಿದವರು ರಸಾಯನ ವಿಜ್ಞಾನಿ ಲೆಹ್‌ಮನ್. ಅವರ ನಂತರ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಕಾಲದಲ್ಲಿ, 1913ರಲ್ಲಿ, ಅಲ್ಲೇ ಕೃಷಿ ಶಾಲೆ ತೆರೆಯಿತು. ಕೋಲ್ಮನ್ ಅವರನ್ನು ಮಲೆನಾಡು ಇಂದಿಗೂ ನೆನೆಯುವುದು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪಡಣೆ ತಂದುದಕ್ಕಾಗಿ. ಮೈಲುತುತ್ತ ಮತ್ತು ಸುಣ್ಣವನ್ನು ಯಾವ ಅಳತೆಯಲ್ಲಿ ಬೆರೆಸಬೇಕು ಎನ್ನುವುದು ಪ್ರಯೋಗಾಲಯದ ತಿಳಿವಳಿಕೆ. ಮಳೆಗಾಲದಲ್ಲಿ ಜಾರುವ ಮರ ಏರಿ, ಒಂದು ಮರದಿಂದ ಇನ್ನೊಂದಕ್ಕೆ ತೂಗಿಕೊಂಡು ಹೋಗಿ ಗೊನೆಗೆ ಹೊಡೆಯುವುದು ಕೊನೆಗೌಡರ ಕೈಚಳಕ. ಎರಡೂ ಸೇರಿದ್ದರಿಂದ ಅಡಿಕೆ ಉಳಿಯಿತು. ಸರ್ಕಾರದ ಕೃಷಿ ತಿಳಿವಳಿಕೆ ಗೆದ್ದ ಕಡೆಯಲ್ಲೆಲ್ಲ ಹೀಗೆ ಅಲ್ಲಿ ಮೊದಲೇ ಇದ್ದ ಒಂದು ಕುಶಲತೆ ಕೈಜೋಡಿಸಿರುವುದನ್ನು ನಾನು ಕಂಡಿದ್ದೇನೆ. ತರಬೇತಿಯ ವರದಿಗಳಲ್ಲಿ ಆ ಎರಡನೆಯ ಪಾಲಿಗೆ ಜಾಗ ಕಡಿಮೆ.

ಸ್ವಾತಂತ್ರ್ಯದ ನಂತರದ ಕಥೆಯನ್ನು ಬೇಗ ಹೇಳಬಹುದು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಗಿ ಗ್ರಾಮಸೇವಕರು ಬಂದರು. 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹುಟ್ಟಿತು. ಅಮೆರಿಕದ ಟೆನೆಸ್ಸೀ ವಿಶ್ವವಿದ್ಯಾಲಯದ ನೆರವು ಅದಕ್ಕಿತ್ತು. ಬೋಧನೆ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ ಇರಬೇಕೆಂಬ ಕಲ್ಪನೆಯೂ ಅಲ್ಲಿಯದೇ. ಅಧಿಕ ಇಳುವರಿ ತಳಿಗಳು ಬಂದಾಗ, 1966-67ರ ಸುಮಾರಿಗೆ, ರೈತ ತರಬೇತಿ ಮತ್ತು ಕ್ರಿಯಾತ್ಮಕ ಸಾಕ್ಷರತೆಯ ಕಾರ್ಯಕ್ರಮ ಬಂತು. ಹೊಸ ಬೀಜ ಬಿತ್ತುವವರಿಗೆ ಗೊಬ್ಬರದ ಚೀಟಿ ಓದಲು ಬರಬೇಕು, ರೇಡಿಯೋ ಕೇಳಿ ಚರ್ಚೆ ಮಾಡಬೇಕು ಎಂಬುದು ಅದರ ಆಸೆ. ಮೋಹನ್ ಸಿಂಗ್ ಮೆಹ್ತಾ ಸಮಿತಿಯ ಶಿಫಾರಸಿನ ಮೇಲೆ 1974ರಲ್ಲಿ ಪುದುಚೇರಿಯಲ್ಲಿ ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರ ತೆರೆಯಿತು. ಇಂದು 700ಕ್ಕೂ ಹೆಚ್ಚಿವೆ. ಮಾಡಿ ಕಲಿ ಎನ್ನುವುದು ಅವುಗಳ ಮೂಲ ಸೂತ್ರ. ವಿಶ್ವಬ್ಯಾಂಕಿನ ನೆರವಿನಿಂದ ಬಂದ 'ತರಬೇತಿ ಮತ್ತು ಭೇಟಿ' ಪದ್ಧತಿಯಲ್ಲಿ ಕೃಷಿ ಸಹಾಯಕರು ಹದಿನೈದು ದಿನಕ್ಕೊಮ್ಮೆ ನಿಗದಿತ ಸಂಪರ್ಕ ರೈತರನ್ನು ಕಾಣಬೇಕಿತ್ತು. ಹೊರಗಿನ ದುಡ್ಡು ನಿಂತ ಮೇಲೆ ಆ ಭೇಟಿಗಳೂ ಸೊರಗಿದವು. 2000ದಲ್ಲಿ ಕರ್ನಾಟಕ ಹೋಬಳಿಗೊಂದರಂತೆ ರೈತ ಸಂಪರ್ಕ ಕೇಂದ್ರ ತೆರೆಯಿತು. ಸಿಬ್ಬಂದಿ ರೈತರ ಮನೆಗೆ ಹೋಗುತ್ತಿದ್ದ ಕಾಲ ಹೋಗಿ, ರೈತರೇ ಕೇಂದ್ರಕ್ಕೆ ಬರುವ ಕಾಲ ಬಂತು.

ಇದರ ಪಕ್ಕದಲ್ಲೇ ಇನ್ನೊಂದು ಹೊಳೆ ಹರಿಯುತ್ತಿತ್ತು. 1979ರ ಆಗಸ್ಟ್ 15ರಂದು ಶುರುವಾದ ಟ್ರೈಸೆಮ್ ಯೋಜನೆ ಹಳ್ಳಿಯ ಯುವಜನರಿಗೆ ಸ್ವಂತ ಉದ್ಯೋಗದ ತರಬೇತಿ ಕೊಡಲು ಬಂದದ್ದು. ಶಿಷ್ಯವೇತನಕ್ಕಾಗಿ ಮಾತ್ರ ಬರುವವರು, ಊರಿನಲ್ಲಿ ಗಿರಾಕಿಯೇ ಇಲ್ಲದ ಕಸುಬುಗಳ ತರಬೇತಿ, ಮುಗಿದ ಮೇಲೆ ಸಿಗದ ಸಾಲ ಎಂಬ ದೂರುಗಳು ಇಪ್ಪತ್ತು ವರ್ಷ ಅದರ ಬೆನ್ನು ಬಿಡಲಿಲ್ಲ. 1999ರಲ್ಲಿ ಅದು ಇನ್ನೊಂದು ಯೋಜನೆಯಲ್ಲಿ ಕರಗಿತು. ಆದರೆ 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಕಟ್ಟಿದ ರುಡ್‌ಸೆಟ್ ಆ ದೂರುಗಳಿಗೆ ಉತ್ತರ ಹುಡುಕಿತು. ತರಬೇತಿ ಚಿಕ್ಕದು, ಬೆನ್ನಿಗೆ ನಿಲ್ಲುವುದು ದೀರ್ಘ, ಬ್ಯಾಂಕು ಮೊದಲ ದಿನದಿಂದಲೇ ಜೊತೆಗೆ. 2009ರಲ್ಲಿ ಕೇಂದ್ರ ಸರ್ಕಾರ ಇದೇ ಮಾದರಿಯನ್ನು ದೇಶದ ಜಿಲ್ಲೆ ಜಿಲ್ಲೆಗೂ ಒಯ್ಯಲು ತೀರ್ಮಾನಿಸಿತು.

ಅದೇ 2009ರ ರಾಷ್ಟ್ರೀಯ ಕೌಶಲ್ಯಾಭಿವೃದ್ಧಿ ನೀತಿ 2022ರೊಳಗೆ 50 ಕೋಟಿ ಜನರಿಗೆ ಕೌಶಲ್ಯ ಕೊಡುವ ಗುರಿ ಇಟ್ಟಿತು. ಕೃಷಿಗೂ ಕೌಶಲ್ಯ ಮಂಡಳಿ ಬಂತು. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಕನಿಷ್ಠ 200 ಗಂಟೆಯ ಕೋರ್ಸುಗಳು, ಗ್ರಾಮೀಣ ಯುವಜನರಿಗೆ ಏಳು ದಿನದ ತರಬೇತಿಗಳು, ಪರೀಕ್ಷೆ, ಪ್ರಮಾಣಪತ್ರ ಬಂದವು. ಕರ್ನಾಟಕದಲ್ಲಿ 2016ರಲ್ಲಿ ಕೌಶಲ್ಯಕ್ಕೇ ಪ್ರತ್ಯೇಕ ಇಲಾಖೆ, ಮರುವರ್ಷ ಮುಖ್ಯಮಂತ್ರಿಗಳ ಕೌಶಲ್ಯ ಕರ್ನಾಟಕ ಯೋಜನೆ. ಹೀಗೆ ಕೃಷಿ ಇಲಾಖೆಯ 'ವಿಸ್ತರಣೆ' ಮತ್ತು ಉದ್ಯೋಗ ಇಲಾಖೆಯ 'ಕೌಶಲ್ಯ' ಒಂದಕ್ಕೊಂದು ಬೆರೆತವು. ಇವತ್ತಿನ ಗೊಂದಲದ ಬೇರು ಇಲ್ಲೇ ಇದೆ. ಬೇಸಾಯವನ್ನು ಮೇಲೆತ್ತುವುದು ಒಂದು ಇಲಾಖೆಯ ಗುರಿ, ಬೇಸಾಯದಿಂದ ಜನರನ್ನು ಮೇಲೆತ್ತುವುದು ಇನ್ನೊಂದರದು.

ತಿಳಿವಳಿಕೆಯ ಕೊರತೆ ಎನ್ನುವವರು

ಈ ಚರ್ಚೆಯಲ್ಲಿ ನಾಲ್ಕು ಪಂಥಗಳಿವೆ. ಮೊದಲ ಪಂಥದ ಪ್ರಕಾರ ಪ್ರಯೋಗಾಲಯದ ಇಳುವರಿಗೂ ಹೊಲದ ಇಳುವರಿಗೂ ನಡುವಿನ ಅಂತರ ಹೆಚ್ಚಾಗಿ ತಿಳಿವಳಿಕೆಯ ಅಂತರ. ಇದಕ್ಕೆ ಗಟ್ಟಿ ಬುನಾದಿ ಕೊಟ್ಟವರು ಅರ್ಥಶಾಸ್ತ್ರಜ್ಞ ಥಿಯೋಡರ್ ಶುಲ್ಜ್. ಬಡ ರೈತ ತನ್ನಲ್ಲಿರುವುದನ್ನು ಜಾಣತನದಿಂದಲೇ ಬಳಸುತ್ತಾನೆ, ಆದರೆ ಹೊಸ ಬೀಜ, ಹೊಸ ಪದ್ಧತಿ ಬಂದಾಗ ಶಿಕ್ಷಣಕ್ಕೆ ಫಲ ಹೆಚ್ಚು ಎಂದು ಅವರು 1964ರಲ್ಲೇ ವಾದಿಸಿದ್ದರು. ಜಿಕೆವಿಕೆಯ ರಾಗಿ ತಳಿಗಳು ಬಯಲುಸೀಮೆಯಲ್ಲಿ ಹರಡಿದ ರೀತಿ ಈ ವಾದಕ್ಕೆ ಬಲ ಕೊಡುತ್ತದೆ. ಬೆಂಕಿರೋಗ ತಾಳಿಕೊಳ್ಳುವ ಜಿಪಿಯು-28 ಬೀಜವನ್ನು ರೈತರು ಕೇಳಿ ಪಡೆಯತೊಡಗಿದ್ದು ಬೇರೆಯವರ ಹೊಲದಲ್ಲಿ ಅದನ್ನು ನೋಡಿದ ಮೇಲೆ. ಪ್ರತಿ ವರ್ಷ ಸಾಮಾನ್ಯವಾಗಿ ನವೆಂಬರಿನಲ್ಲಿ ಜಿಕೆವಿಕೆಯ ಕೃಷಿ ಮೇಳಕ್ಕೆ ಲಕ್ಷಗಟ್ಟಲೆ ಜನ ಬಸ್ಸು, ಟೆಂಪೊ ಮಾಡಿಕೊಂಡು ಬರುವುದನ್ನು ಕಂಡವರಿಗೆ ಕಲಿಯುವ ಹಂಬಲ ಹಳ್ಳಿಯಲ್ಲಿ ಇಲ್ಲ ಎನ್ನಲು ನಾಲಿಗೆ ಏಳುವುದಿಲ್ಲ.

ತಿಳಿವಳಿಕೆ ಬೇಕು ಎನ್ನುವುದರಲ್ಲಿ ತಕರಾರಿಲ್ಲ. ಅದು ಯಾವ ದಾರಿಯಲ್ಲಿ ಬರುತ್ತದೆ ಎನ್ನುವುದು ಈ ಪಂಥಕ್ಕೆ ಇಕ್ಕಟ್ಟಿನ ಪ್ರಶ್ನೆ. 2003ರ ರಾಷ್ಟ್ರೀಯ ಮಾದರಿ ಸಮೀಕ್ಷೆ ರೈತರನ್ನು ಕೇಳಿದಾಗ ವಿಸ್ತರಣಾ ಸಿಬ್ಬಂದಿಯಿಂದ ಮಾಹಿತಿ ಪಡೆದ ಕುಟುಂಬಗಳು ಶೇ 5.7 ಮಾತ್ರ. ಬೇರೆ ಪ್ರಗತಿಪರ ರೈತರಿಂದ ಪಡೆದವರು ಶೇ 16.7, ಗೊಬ್ಬರ-ಔಷಧಿ ಅಂಗಡಿಯವರಿಂದ ಪಡೆದವರು ಶೇ 13.1. ಅಂಗಡಿಯವರಿಗೇ ಪಾಠ ಹೇಳುವ ಒಂದು ವರ್ಷದ ಡಿಪ್ಲೊಮಾ ಅದೇ ವರ್ಷ ಹುಟ್ಟಿದ್ದರಲ್ಲಿ ಅರ್ಥವಿದೆ. ಔಷಧಿ ಮಾರುವವರೇ ಯಾವ ಔಷಧಿ ಬೇಕೆಂದು ಹೇಳುವ ಗುರುವೂ ಆಗುವುದು ಒಳ್ಳೆಯದೇ ಎಂಬ ಪ್ರಶ್ನೆಯನ್ನು ಮಾತ್ರ ಆ ಡಿಪ್ಲೊಮಾ ಬಗೆಹರಿಸಲಾರದು.

ಹೊರದಾರಿ ತೋರಿಸಿ ಎನ್ನುವವರು

ಅದೇ 2003ರ ಸಮೀಕ್ಷೆಯ ಇನ್ನೊಂದು ಅಂಕಿ ಹೆಚ್ಚು ಪ್ರಸಿದ್ಧ: ಬೇರೆ ದಾರಿ ಸಿಕ್ಕರೆ ಬೇಸಾಯ ಬಿಡುತ್ತೇವೆ ಎಂದ ರೈತರು ಶೇ 40. ಕರ್ನಾಟಕದ ಸರಾಸರಿ ಹಿಡುವಳಿ 2015-16ರ ಕೃಷಿ ಗಣತಿಯಲ್ಲಿ 1.36 ಹೆಕ್ಟೇರ್‌ಗೆ ಇಳಿದಿತ್ತು. ಅಣ್ಣ-ತಮ್ಮಂದಿರು ಭಾಗ ಮಾಡಿಕೊಂಡ ಮೇಲೆ ಉಳಿಯುವ ಮೂವತ್ತು ಗುಂಟೆಯಲ್ಲಿ ಎಷ್ಟು ಕಲಿತರೂ ಸಂಸಾರ ಸಾಗದು, ಆದ್ದರಿಂದ ಮಕ್ಕಳಿಗೆ ಹೊರಗಿನ ಕೆಲಸದ ಕೌಶಲ್ಯ ಕೊಡುವುದೇ ನಿಜವಾದ ರೈತಪರ ನೀತಿ ಎನ್ನುವುದು ಈ ಪಂಥದ ವಾದ. 2014ರ ದೀನ್ ದಯಾಳ್ ಗ್ರಾಮೀಣ ಕೌಶಲ್ಯ ಯೋಜನೆ ಇದೇ ಆಲೋಚನೆಯ ಕೂಸು. 2021ರಲ್ಲಿ ಬಂದ ರೈತ ವಿದ್ಯಾನಿಧಿ ವಿದ್ಯಾರ್ಥಿವೇತನವೂ ಅದೇ ದಿಕ್ಕಿನದು.

ಈ ವಾದವನ್ನು ರೈತದ್ರೋಹ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಯಲಹಂಕ, ಜಾಲ ಹೋಬಳಿಗಳ ಯಾವ ಮನೆಯಲ್ಲಿ ಕೇಳಿದರೂ ಮಗನನ್ನು ಹೊಲಕ್ಕೆ ಇಳಿಸಬೇಕೆನ್ನುವ ತಂದೆ ಅಪರೂಪ. ಮಗಳನ್ನು ಬೇಸಾಯದ ಮನೆಗೆ ಕೊಡುವುದಿಲ್ಲ ಎನ್ನುವ ತಾಯಂದಿರಂತೂ ಎಲ್ಲೆಡೆ ಇದ್ದಾರೆ. ಆದರೆ ಹೊರದಾರಿ ಎಲ್ಲಿಗೆ ಮುಟ್ಟುತ್ತದೆ ಎಂದು ನೋಡಬೇಕು. ವಿಮಾನ ನಿಲ್ದಾಣದ ಸುತ್ತ ಊರಿನ ಹುಡುಗರಿಗೆ ಸುಲಭವಾಗಿ ಸಿಕ್ಕ ಕೆಲಸಗಳು ಕ್ಯಾಬ್ ಓಡಿಸುವುದು, ಸೆಕ್ಯುರಿಟಿ, ಹೌಸ್‌ಕೀಪಿಂಗ್. ಜಮೀನಿನ ಒಡೆಯರ ಮಗ ತನ್ನದೇ ಹಳೆಯ ಹೊಲದ ಮೇಲೆ ಎದ್ದ ಕಟ್ಟಡದ ಗೇಟಿನಲ್ಲಿ ಹನ್ನೆರಡು ಗಂಟೆ ನಿಲ್ಲುವುದನ್ನು ಕೌಶಲ್ಯಾಭಿವೃದ್ಧಿಯ ಲೆಕ್ಕದಲ್ಲಿ 'ಉದ್ಯೋಗ ಒದಗಿಸಲಾಗಿದೆ' ಎಂದು ಬರೆಯಲಾಗುತ್ತದೆ. ಜಗತ್ತಿನ ಬೇರೆ ಬೇರೆ ದೇಶಗಳ ವೃತ್ತಿ ತರಬೇತಿಗಳನ್ನು ಒಟ್ಟಿಗೆ ತೂಗಿದ ಅರ್ಥಶಾಸ್ತ್ರಜ್ಞ ಡೇವಿಡ್ ಮೆಕೆಂಜಿ ಅವರ 2017ರ ವಿಮರ್ಶೆಯಲ್ಲಿ ತರಬೇತಿಯಿಂದ ಹೆಚ್ಚುವರಿಯಾಗಿ ಕೆಲಸ ಸಿಕ್ಕವರು ನೂರಕ್ಕೆ ಎರಡು-ಮೂರು ಜನ. ನಮ್ಮಲ್ಲಿ 2016ರ ಶಾರದಾ ಪ್ರಸಾದ್ ಸಮಿತಿ ಕೌಶಲ್ಯ ಮಂಡಳಿಗಳ ಕಾರ್ಯವೈಖರಿಯನ್ನೂ ಸಂಖ್ಯೆಯ ಬೆನ್ನು ಹತ್ತುವ ಗೀಳನ್ನೂ ಕಟುವಾಗಿ ಟೀಕಿಸಿತ್ತು.

ಮನೆಯಲ್ಲೇ ಉದ್ಯಮ: ಒಂದು ಅಣಬೆ ಚೀಲದ ಕಥೆ

ಇವೆರಡರ ನಡುವೆ ನಿಂತಿರುವ ಮೂರನೆಯ ಪಂಥವೇ ಇಂದು ಹೆಚ್ಚು ಜನಪ್ರಿಯ. ಬೇಸಾಯ ಬಿಡಬೇಡಿ, ಅದಕ್ಕೆ ಇನ್ನೊಂದನ್ನು ಸೇರಿಸಿ ಎನ್ನುತ್ತದೆ ಅದು. ಹೆಬ್ಬಾಳದ ಬೇಕರಿ ತರಬೇತಿ, ಜಿಕೆವಿಕೆಯ ಜೇನು, ಹೆಸರಘಟ್ಟದ ಕೋಳಿ ಮತ್ತು ಅಣಬೆ, ಯುವಜನರನ್ನು ಕೃಷಿಯಲ್ಲಿ ಉಳಿಸಿಕೊಳ್ಳಲು ಬಂದ 2015ರ 'ಆರ್ಯ' ಯೋಜನೆ ಎಲ್ಲವೂ ಈ ಸಾಲಿನವು. ಇದರ ಶಕ್ತಿಯನ್ನೂ ಮಿತಿಯನ್ನೂ ತಿಳಿಯಲು ಚಿಪ್ಪು ಅಣಬೆಯನ್ನೇ ಹತ್ತಿರದಿಂದ ನೋಡೋಣ.

ಭತ್ತದ ಹುಲ್ಲನ್ನು ಸಣ್ಣಗೆ ಕತ್ತರಿಸಿ ರಾತ್ರಿಯಿಡೀ ನೆನೆಸಬೇಕು. ಬಿಸಿನೀರಿನಲ್ಲಿ ಬೇಯಿಸಿ, ಸೋಸಿ, ಹಿಂಡಿದರೆ ಕೈಗೆ ಒದ್ದೆ ಹತ್ತಬೇಕು, ನೀರು ತೊಟ್ಟಿಕ್ಕಬಾರದು. ಆ ಹದ ಪುಸ್ತಕದಿಂದ ಬರುವುದಿಲ್ಲ, ಎರಡು ಚೀಲ ಕೊಳೆತ ಮೇಲೆ ಬರುತ್ತದೆ. ಪಾಲಿಥೀನ್ ಚೀಲದಲ್ಲಿ ಒಂದು ಪದರ ಹುಲ್ಲು, ಅಂಚಿಗೆ ಒಂದು ಹಿಡಿ ಬೀಜ, ಮತ್ತೆ ಹುಲ್ಲು. ಬಾಯಿ ಕಟ್ಟಿ, ಸುತ್ತ ತೂತು ಚುಚ್ಚಿ ಕತ್ತಲೆ ಕೋಣೆಯಲ್ಲಿ ತೂಗುಹಾಕಬೇಕು. ಎರಡು-ಮೂರು ವಾರಕ್ಕೆ ಚೀಲವೆಲ್ಲ ಬಿಳಿ ಬೂಸು ತುಂಬಿಕೊಳ್ಳುತ್ತದೆ. ಆಮೇಲೆ ಪ್ಲಾಸ್ಟಿಕ್ ಬಿಡಿಸಿ, ದಿನಕ್ಕೆ ಎರಡು-ಮೂರು ಬಾರಿ ನೀರು ಚಿಮುಕಿಸಿದರೆ ಮೊದಲ ಕುಯ್ಲು. ಅಣಬೆ ಅರಳಿದ ದಿನವೇ ಕೀಳಬೇಕು, ಕಿತ್ತ ಒಂದೆರಡು ದಿನದಲ್ಲಿ ಮಾರಬೇಕು. ಮಾರ್ಚ್ ಬಂತೆಂದರೆ ತಗಡಿನ ಶೆಡ್ಡಿನಲ್ಲಿ ತಂಪು ಉಳಿಸುವುದೇ ದೊಡ್ಡ ಪಾಡು.

ಈಗ ತರಬೇತಿಯ ಉದ್ದ ನೋಡಿ. ಒಂದು ದಿನದ್ದಾದರೆ ಚೀಲ ಕಟ್ಟುವುದು ಬರುತ್ತದೆ. ಏಳು ದಿನದ್ದಾದರೂ ಕಲಿತವರು ತಾವೇ ಕಟ್ಟಿದ ಚೀಲದಲ್ಲಿ ಅಣಬೆ ಏಳುವುದನ್ನು ನೋಡದೆ ಮನೆಗೆ ಹೋಗುತ್ತಾರೆ. ಬೀಜ ಎಲ್ಲಿಂದ, ಪ್ರತಿ ವಾರ ಯಾರು ತರಬೇಕು, ಆರ್.ಟಿ. ನಗರದ ಅಂಗಡಿಯವರು ಎರಡು ಕಿಲೋ ಅಣಬೆಗೆ ಬಾಗಿಲು ತೆರೆಯುತ್ತಾರೆಯೇ ಎನ್ನುವುದೆಲ್ಲ ಪ್ರಮಾಣಪತ್ರ ಕೈಗೆ ಬಂದ ಮೇಲಿನ ಕಷ್ಟ. ತರಬೇತಿ ಸೋತಿತು ಎನ್ನುವಾಗ ಹೆಚ್ಚಿನ ಸಲ ಸೋತಿರುವುದು ಆ ಮುಂದಿನ ಮೂರು ತಿಂಗಳು.

ಅದಕ್ಕೇ ಮಾರುಕಟ್ಟೆಯನ್ನು ಮೊದಲು ಕಟ್ಟಿದ ಉದಾಹರಣೆಗಳು ಮುಖ್ಯ. ತೋಟಗಾರಿಕಾ ತಜ್ಞ ಡಾ. ಮರಿಗೌಡರ ಮುಂದಾಳತ್ವದಲ್ಲಿ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿ ಮುಂದೆ ಹಾಪ್‌ಕಾಮ್ಸ್ ಆದ ಸಂಸ್ಥೆ ಬೆಂಗಳೂರಿನ ಸುತ್ತ ಹಣ್ಣು-ತರಕಾರಿ ಬೆಳೆಯುವವರಿಗೆ ನಗರದ ಬಾಗಿಲು ತೆರೆಯಿತು. ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆಯಲ್ಲಿ ಕೃಷಿ ವಿಶ್ವವಿದ್ಯಾಲಯದ ನೆರವಿನಿಂದ ಹಲಸು ಬೆಳೆಗಾರರ ಸಂಘ ಕಟ್ಟಿಕೊಂಡವರು ಒಟ್ಟಾಗಿ ಮಾರುವುದನ್ನು ಕಲಿತರು. ಮರದ ಬುಡದಲ್ಲೇ ದಳ್ಳಾಳಿಗೆ ಕೊಟ್ಟುಬಿಡುತ್ತಿದ್ದ ಹಣ್ಣಿಗೆ ತೊಳೆಯ ಲೆಕ್ಕದಲ್ಲೂ ಬೆಲೆ ಇದೆ ಎಂದು ಆಗ ಗೊತ್ತಾಯಿತು. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಶುರು ಮಾಡಿದ ತೆಂಗಿನ ಮರ ಏರುವವರ ತರಬೇತಿ ಆರೇ ದಿನದ್ದು. ಅದರ ಜೊತೆಗೆ ಏರುವ ಯಂತ್ರ, ವಿಮೆ ಎರಡೂ ಕೈಗೆ ಬರುತ್ತವೆ, ಮರ ಏರುವವರಿಗಾಗಿ ಕಾಯುತ್ತಿರುವ ತೋಟಗಳೂ ಇವೆ. ಕಲಿಕೆಯ ದಿನಗಳು ಕಡಿಮೆಯಾದರೂ ಅದು ನಿಂತದ್ದು ಸುತ್ತಲಿನ ಈ ವ್ಯವಸ್ಥೆಯಿಂದ.

ಕೃಷಿಕರೇ ಗುರುಗಳು

ನಾಲ್ಕನೆಯ ಪಂಥ ಸರ್ಕಾರಿ ತರಬೇತಿಯ ಮೂಲ ನಂಬಿಕೆಯನ್ನೇ ಪ್ರಶ್ನಿಸುತ್ತದೆ. 1988ರಲ್ಲಿ ಪುತ್ತೂರಿನಿಂದ ಹೊರಟ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ದೊಡ್ಡಬಳ್ಳಾಪುರದ ಸಮೀಪ ತಮ್ಮ ಸಣ್ಣ ತೋಟದಲ್ಲೇ ಸಹಜ ಕೃಷಿಯನ್ನು ಬಂದವರಿಗೆಲ್ಲ ತೋರಿಸುತ್ತಿದ್ದ ಎಲ್. ನಾರಾಯಣ ರೆಡ್ಡಿಯವರು 2019ರ ಜನವರಿಯಲ್ಲಿ ತೀರಿಕೊಳ್ಳುವ ತನಕ ಉತ್ತರ ಬೆಂಗಳೂರಿನ ದೊಡ್ಡ ಮೇಷ್ಟ್ರೇ ಆಗಿದ್ದರು. ರೈತ ಸಂಘದ ಪರಂಪರೆಯಿಂದ ಬಂದ ಚಾಮರಾಜನಗರದ ಅಮೃತಭೂಮಿಯಲ್ಲಿ ರೈತರು ರೈತರಿಗೆ ಕಲಿಸುತ್ತಾರೆ. ಕೌಶಲ್ಯ ಹಳ್ಳಿಯಲ್ಲಿ ಇಲ್ಲ, ಹೊರಗಿನಿಂದ ತುಂಬಬೇಕು ಎಂಬ ಭಾವನೆಯೇ ತಪ್ಪು ಎನ್ನುತ್ತಾರೆ ಇವರು. ತುಮಕೂರು ಜಿಲ್ಲೆಯ ಚೇಳೂರಿನ ಒಂದು ಕುಟುಂಬದ ಅಂಗಳದಲ್ಲಿದ್ದ ಕೆಂಪು ತೊಳೆಯ ಹಲಸನ್ನು ಹೆಸರಘಟ್ಟದ ವಿಜ್ಞಾನಿಗಳು 'ಸಿದ್ದು' ಎಂಬ ತಳಿಯಾಗಿ ಗುರುತಿಸಿ, ಸಸಿ ಮಾರಾಟದ ಲಾಭದ ದೊಡ್ಡ ಪಾಲು ಆ ಮನೆಗೇ ಸೇರುವಂತೆ ಒಪ್ಪಂದ ಮಾಡಿಕೊಂಡದ್ದು ಈ ವಾದವನ್ನು ಸಂಸ್ಥೆಗಳೂ ಅರ್ಧ ಒಪ್ಪಿಕೊಂಡ ಗುರುತು.

ಆದರೆ ಒಬ್ಬರು ಕಲಿತರೆ ನೆರೆಹೊರೆಗೆ ತಾನಾಗಿ ಹರಡುತ್ತದೆ ಎಂಬ ಈ ಪಂಥದ ಭರವಸೆಗೆ ಸಾಕ್ಷ್ಯ ದುರ್ಬಲ. 1989ರಲ್ಲಿ ಇಂಡೋನೇಷ್ಯಾದಲ್ಲಿ ಹುಟ್ಟಿದ ರೈತ ಕ್ಷೇತ್ರ ಪಾಠಶಾಲೆಗಳ ಮೇಲೆ 2004ರಲ್ಲಿ ಬಂದ ಫೆಡರ್ ಮತ್ತು ಸಂಗಡಿಗರ ಅಧ್ಯಯನ ಇಳುವರಿಯಲ್ಲೂ ಕೀಟನಾಶಕ ಬಳಕೆಯಲ್ಲೂ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಹತ್ತು ವರ್ಷದ ನಂತರದ ವಿಸ್ತೃತ ಪರಿಶೀಲನೆಯೊಂದು ಶಾಲೆಗೆ ಬಂದವರಿಗೆ ಲಾಭವಾದದ್ದನ್ನು ಒಪ್ಪಿ, ಪಕ್ಕದವರಿಗೆ ಅದು ಹರಡಲಿಲ್ಲ ಎಂದಿತು.

ಪಹಣಿಯಲ್ಲಿ ಹೆಸರಿಲ್ಲದವರು

ನನ್ನ ಮಟ್ಟಿಗೆ ಚರ್ಚೆ ನಿಲ್ಲಬೇಕಾದ ಜಾಗ ಇದು. ಯೋಜನೆಗಳ ಭಾಷೆಯಲ್ಲಿ 'ರೈತ' ಎಂದರೆ ಪಹಣಿಯಲ್ಲಿ ಹೆಸರಿದ್ದವರು. ಕರ್ನಾಟಕದಲ್ಲಿ ಸೌಲಭ್ಯಗಳಿಗೆ ಬೇಕಾದ ಫ್ರೂಟ್ಸ್ ಗುರುತಿನ ಸಂಖ್ಯೆ ಜಮೀನಿನ ದಾಖಲೆಗೆ ಅಂಟಿಕೊಂಡಿದೆ. 2015-16ರ ಗಣತಿಯಂತೆ ದೇಶದ ಹಿಡುವಳಿದಾರರಲ್ಲಿ ಹೆಂಗಸರು ಸುಮಾರು ಶೇ 14. ಕಳೆ ಕೀಳುವವರು, ನಾಟಿ ಹಾಕುವವರು, ಹಾಲು ಕರೆಯುವವರು, ಹೂ ಬಿಡಿಸುವವರು ಯಾರು ಎಂದು ಯಾವ ಹೊಲದ ಬದುವಿನಲ್ಲಿ ನಿಂತು ನೋಡಿದರೂ ತಿಳಿಯುತ್ತದೆ.

1980ರ ದಶಕದಲ್ಲಿ ಡೆನ್ಮಾರ್ಕಿನ ನೆರವಿನಿಂದ ಕರ್ನಾಟಕದಲ್ಲಿ ರೈತ ಮಹಿಳೆಯರ ತರಬೇತಿಗೆಂದೇ ಪ್ರತ್ಯೇಕ ಯೋಜನೆ ನಡೆಯಿತು. ಇದೇ ಮಾದರಿ ಮುಂದೆ ತಮಿಳುನಾಡು, ಒಡಿಶಾ, ಮಧ್ಯಪ್ರದೇಶಗಳಿಗೂ ಹೋಯಿತು. ಬೀಜೋಪಚಾರ, ಗೊಬ್ಬರ ಹಾಕುವ ಕ್ರಮಗಳನ್ನು ಹೆಂಗಸರಿಗೇ ನೇರವಾಗಿ ಹೇಳಬಹುದು, ಗಂಡನ ಮೂಲಕ ಹೇಳಿ ಕಳಿಸಬೇಕಿಲ್ಲ ಎನ್ನುವುದನ್ನು ಇಲಾಖೆ ಒಪ್ಪಿದ್ದೇ ಆಗ ದೊಡ್ಡ ಬದಲಾವಣೆ. ಇಂದಿನ ಕೃಷಿ ಸಖಿ, ಪಶು ಸಖಿಯರು ಆ ದಾರಿಯ ಮುಂದುವರಿಕೆ. ಹಳ್ಳಿಯ ಹೆಣ್ಣುಮಗಳೇ 56 ದಿನದ ತರಬೇತಿ ಪಡೆದು ಊರಿನ ಕೃಷಿ ಸಲಹೆಗಾರ್ತಿಯಾಗುವ ಕೃಷಿ ಸಖಿ ಯೋಜನೆಯ ಮೊದಲ ಹಂತದ 12 ರಾಜ್ಯಗಳಲ್ಲಿ ಕರ್ನಾಟಕವೂ ಇದೆ.

ಆದರೂ ಹೊತ್ತಿನ ಲೆಕ್ಕ ತಪ್ಪುತ್ತಲೇ ಇದೆ. ಎರಡು ಹಸು ಕಟ್ಟಿರುವ ಮನೆಯ ಹೆಂಗಸು ಬೆಳಗಿನ ಜಾವ ಹಾಲು ಕರೆದು ಡೇರಿಗೆ ಹಾಕಿ, ಸಂಜೆ ಮತ್ತೆ ಕರೆಯಬೇಕು. ನಡುವೆ ಸಿಗುವ ಹೊತ್ತಿನಲ್ಲಿ ಅಡುಗೆ, ಮೇವು, ಮಕ್ಕಳು. ಹಾಡೋನಹಳ್ಳಿಗೋ ಹೆಬ್ಬಾಳಕ್ಕೋ ಎರಡು ಬಸ್ಸು ಬದಲಿಸಿ ಬಂದು ಐದು ಗಂಟೆಯವರೆಗೆ ಕೂತರೆ ಸಂಜೆಯ ಕೆಚ್ಚಲನ್ನು ಯಾರು ನೋಡಬೇಕು? ಉಳಿದುಕೊಂಡು ಕಲಿಯುವ ತರಬೇತಿಯಂತೂ ಅವಳಿಗಲ್ಲ. ಕೂಲಿಗೆ ಹೋಗುವವರ ನಷ್ಟ ಇನ್ನೂ ನೇರ: 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು, ಆ ಲೆಕ್ಕದಲ್ಲಿ ಏಳು ದಿನದ 'ಉಚಿತ' ತರಬೇತಿಗೆ ಅವಳು ತೆರುವ ಬೆಲೆ 2,590 ರೂಪಾಯಿ. ಟ್ರೈಸೆಮ್ ಕಾಲದ ಶಿಷ್ಯವೇತನವನ್ನು ಜನ ದುರುಪಯೋಗ ಮಾಡಿಕೊಂಡರು ಎಂದು ಬೈಯುವವರು ಈ ಲೆಕ್ಕವನ್ನು ಒಮ್ಮೆ ಮಾಡಬೇಕು.

ಗುತ್ತಿಗೆಗೋ ವಾರಕ್ಕೋ ಮಾಡುವವರ ಪಾಡು ಇದಕ್ಕಿಂತ ಕಷ್ಟ. 1974ರ ಭೂ ಸುಧಾರಣೆ ಉಳುವವರಿಗೆ ಭೂಮಿ ಕೊಟ್ಟದ್ದು ಈ ನಾಡಿನ ದೊಡ್ಡ ಕೆಲಸ. ಆದರೆ ಗೇಣಿಯನ್ನು ನಿಷೇಧಿಸಿದ ಆ ಕಾಯ್ದೆಯಿಂದಾಗಿ ಇಂದು ಬಾಯಿಮಾತಿನ ಗುತ್ತಿಗೆಯಲ್ಲಿ ಸೊಪ್ಪು, ಹೂ ಬೆಳೆಯುವವರು ದಾಖಲೆಯಲ್ಲಿ ಇಲ್ಲವೇ ಇಲ್ಲ. ಸೈಟಿಗಾಗಿ ಕಾದಿಟ್ಟ ಜಮೀನನ್ನು ಒಂದೆರಡು ವರ್ಷಕ್ಕೆ ಹಿಡಿದು, ನಗರದ ಮಾರುಕಟ್ಟೆಗೆ ಕೊತ್ತಂಬರಿ, ದಂಟು, ಪಾಲಕ್ ಬೆಳೆಯುವವರೇ ಯಲಹಂಕದ ಆಚೆ ನಿಜವಾದ ಬೇಸಾಯಗಾರರು. ಅವರಿಗೆ ಮಣ್ಣು ಪರೀಕ್ಷೆಯ ಪಾಠ ಹೇಳುವ ಯೋಜನೆ ಮೊದಲು ಅವರು ಇದ್ದಾರೆಂದು ಒಪ್ಪಬೇಕು.

ಹೊಲ ಹೋದ ಮೇಲಿನ ಪಾಠ

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಸ್ವಾಧೀನದ ವಿರುದ್ಧ 13 ಹಳ್ಳಿಗಳ ಜನ 2022ರಿಂದ ಹೋರಾಡಿದರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅದನ್ನು ಕೈಬಿಡುವುದಾಗಿ ಪ್ರಕಟಿಸಿದರು. ದ್ರಾಕ್ಷಿ, ರೇಷ್ಮೆ, ತರಕಾರಿ, ಹೂವಿನಲ್ಲಿ ಪಳಗಿದ ಆ ಜನ ಮೂರು ವರ್ಷ ಹೇಳಿದ್ದು ತಮ್ಮಲ್ಲಿ ಕೌಶಲ್ಯವಿದೆ, ಅದು ನಿಂತಿರುವುದು ಈ ಮಣ್ಣಿನ ಮೇಲೆ ಎಂದೇ. ದ್ರಾಕ್ಷಿಗೆ ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಮಾಡುವ ಎರಡು ಚಾಟನಿಯಲ್ಲಿ, ಅಂದರೆ ಸವರುವಿಕೆಯಲ್ಲಿ, ಯಾವ ಕಣ್ಣು ಬಿಡಬೇಕು, ಯಾವುದನ್ನು ಕತ್ತರಿಸಬೇಕು ಎಂದು ಬಳ್ಳಿಯ ಮುಂದೆ ನಿಂತು ಹೇಳಬಲ್ಲವರ ಜಾಣ್ಮೆಗೆ ಗೋದಾಮಿನಲ್ಲಿ ಏನು ಬೆಲೆ?

2013ರ ಭೂಸ್ವಾಧೀನ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ ಇದಕ್ಕೊಂದು ಉತ್ತರವಿದೆ. ಯೋಜನೆಯಿಂದ ಕೆಲಸ ಹುಟ್ಟುವಲ್ಲಿ ತಕ್ಕ ತರಬೇತಿ ಕೊಟ್ಟು ಕುಟುಂಬದ ಒಬ್ಬರಿಗಾದರೂ ಉದ್ಯೋಗ, ಇಲ್ಲವೇ ಒಂದೇ ಬಾರಿಗೆ 5 ಲಕ್ಷ ರೂಪಾಯಿ, ಇಲ್ಲವೇ 20 ವರ್ಷ ತಿಂಗಳಿಗೆ ಕನಿಷ್ಠ 2,000 ರೂಪಾಯಿ. ಕರ್ನಾಟಕದಲ್ಲಿ ಕೈಗಾರಿಕೆಗೆ ಜಮೀನು ಹೋಗುವುದು ಹೆಚ್ಚಾಗಿ 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ (ಕೆಐಎಡಿಬಿ) ಕಾಯ್ದೆಯಡಿ. ಪುನರ್ವಸತಿಯ ಈ ಪಟ್ಟಿ ಅಲ್ಲಿಗೆ ಎಷ್ಟು ಅನ್ವಯವಾಗಬೇಕು ಎನ್ನುವುದು ವಾದದ ವಿಷಯವಾಗಿಯೇ ಉಳಿದಿದೆ. ಒಂದು ಕೈಯಲ್ಲಿ ಕಲಿಸುತ್ತ, ಇನ್ನೊಂದು ಕೈಯಲ್ಲಿ ಹೊಲ ತೆಗೆದುಕೊಳ್ಳುವ ಸರ್ಕಾರ ಎರಡೂ ಇಲಾಖೆಗಳನ್ನು ಒಂದೇ ಮೇಜಿನ ಮುಂದೆ ಕೂರಿಸದೆ ತರಬೇತಿಯ ಗುರಿ ನಿಗದಿ ಮಾಡುವುದು ತಪ್ಪು ಎಂದು ನಾನು ದೃಢವಾಗಿ ನಂಬುತ್ತೇನೆ.

ಇನ್ನೂ ಇತ್ಯರ್ಥವಾಗದ್ದು

ಏನನ್ನು ಎಣಿಸಬೇಕು ಎಂಬಲ್ಲೇ ಒಮ್ಮತವಿಲ್ಲ. ಎಷ್ಟು ಜನ ಕಲಿತರು ಎಂಬ ಲೆಕ್ಕ ಎಲ್ಲೆಡೆ ಸಿಗುತ್ತದೆ. ರುಡ್‌ಸೆಟ್ ಮಾದರಿಯ ಸಂಸ್ಥೆಗಳು ಕಲಿತವರ ಬೆನ್ನಿಗೆ ಎರಡು ವರ್ಷ ನಿಲ್ಲುತ್ತವೆ. ಕಲಿತ ಕುಟುಂಬವನ್ನೂ ಕಲಿಯದ ಕುಟುಂಬವನ್ನೂ ಪಕ್ಕಪಕ್ಕ ಇಟ್ಟು ಐದು ವರ್ಷ ನೋಡುವ ಪದ್ಧತಿ ನಮ್ಮಲ್ಲಿ ಬೇರೂರಿಲ್ಲ. ಅದಿಲ್ಲದೆ ನಾಲ್ಕೂ ಪಂಥಗಳು ತಮ್ಮ ತಮ್ಮ ಯಶೋಗಾಥೆಗಳನ್ನು ಹೇಳುತ್ತಲೇ ಇರಬಹುದು.

ಕಲಿಯುವ ದಿನಗಳ ಕೂಲಿಯನ್ನು ಸರ್ಕಾರ ಕೊಡಬೇಕೇ ಎನ್ನುವುದು ಎರಡನೆಯದು. ಕೊಟ್ಟರೆ ದುಡ್ಡಿಗಾಗಿ ಬರುವವರು ಹೆಚ್ಚುತ್ತಾರೆ, ಕೊಡದಿದ್ದರೆ ಕೂಲಿಕಾರರು ಬರಲಾರರು. ಇವೆರಡರಲ್ಲಿ ಯಾವ ತಪ್ಪು ಕಡಿಮೆ ಎಂದು ಯಾರೂ ಅಳೆದು ಹೇಳಿಲ್ಲ. ನಾನಾದರೆ ಕೊಡುವುದರ ಪರ. ಗುತ್ತಿಗೆದಾರರಿಗೆ ಭೂ ಸುಧಾರಣೆಯ ರಕ್ಷಣೆಗೆ ಧಕ್ಕೆ ಬಾರದಂತೆ, ಒಡೆಯರಿಗೆ ಭಯ ಹುಟ್ಟಿಸದಂತೆ ಗುರುತಿನ ಚೀಟಿ ಕೊಡುವ ದಾರಿ ಯಾವುದು ಎಂಬುದು ಮೂರನೆಯದು. ಕೃಷಿಕರಲ್ಲದವರೂ ಜಮೀನು ಕೊಳ್ಳಲು 2020ರ ತಿದ್ದುಪಡಿ ಅವಕಾಶ ಕೊಟ್ಟ ಮೇಲೆ ಅದು ಇನ್ನಷ್ಟು ಜಟಿಲವಾಗಿದೆ.

ಸ್ವಾಧೀನದ ಕಾಯ್ದೆ 'ಕುಟುಂಬಕ್ಕೆ ಒಬ್ಬರು' ಎನ್ನುತ್ತದೆ. ಆ ಒಬ್ಬರು ಯಾರು? ಪಹಣಿಯಲ್ಲಿ ಹೆಸರಿರುವ ಅರವತ್ತರ ತಂದೆಯೋ, ಡಿಗ್ರಿ ಮುಗಿಸಿದ ಮಗನೋ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಸಮಪಾಲು ಇದ್ದೂ ಸಹಿ ಹಾಕಿ ಬಿಟ್ಟುಕೊಟ್ಟ ಮಗಳೋ, ಆ ಹೊಲದಲ್ಲಿ ಮೂವತ್ತು ವರ್ಷ ದುಡಿದ ತಾಯಿಯೋ? ತರಬೇತಿಯ ಅರ್ಜಿಯಲ್ಲಿ ಅದಕ್ಕೆ ಒಂದೇ ಗೆರೆ ಇದೆ, ಅದನ್ನು ಯಾರು ತುಂಬಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ.